ಗಾಡಿಯ ಪಾನಿಪುರಿ ಮನೆಗೆ ಬರಲಿ

ಪಾನಿಪುರಿ ಎಂಬ ಹೆಸರು ಕೇಳಿದೊಡನೆ ಬಾಯಲ್ಲಿ ನೀರೂರದವರು ಯಾರಿದ್ದಾರೆ? ಸಂಜೆಯಾದರೆ ಸಾಕು, ಶಾಲೆಯ ಗೇಟಿನೆದುರು, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ ತಳ್ಳುಗಾಡಿಯೊಂದು ಬಂದು ನಿಲ್ಲುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಗೋಪುರದಂತೆ ಪೇರಿಸಿಟ್ಟ ಪುರಿಗಳು, ಪಕ್ಕದಲ್ಲಿ ಹಸಿರು ನೀರು ತುಂಬಿದ ಸ್ಟೀಲಿನ ಪಾತ್ರೆ. ದಿಲ್ಲಿಯವರು ಇದನ್ನು ಗೋಲ್‌ಗಪ್ಪ ಎನ್ನುತ್ತಾರೆ, ಕೋಲ್ಕತ್ತದವರು ಪುಚ್ಕಾ ಎನ್ನುತ್ತಾರೆ, ಒಡಿಶಾದಲ್ಲಿ ಅದು ಗುಪ್‌ಚುಪ್. ಹೆಸರು ಹಲವಾದರೂ ಆಸೆ ಒಂದೇ. ಬಡವರು, ಶ್ರೀಮಂತರು, ಅಜ್ಜಿ, ಮೊಮ್ಮಗಳು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಗಾಡಿಯ ಮುಂದೆ ನಿಂತು ತಿನ್ನುವ ತಿಂಡಿಯಿದು.

ಆದರೆ ಮಕ್ಕಳು “ಅಮ್ಮೀ, ಪಾನಿಪುರಿ” ಎಂದು ಸೆರಗು ಜಗ್ಗಿದಾಗ ನಿಮ್ಮ ಮನಸ್ಸು ಒಂದು ಕ್ಷಣ ಹಿಂಜರಿಯುವುದಿಲ್ಲವೇ? ಆ ನೀರು ಎಲ್ಲಿಯದೋ, ಆ ಕೈ ತೊಳೆದು ಎಷ್ಟು ಹೊತ್ತಾಯಿತೋ ಎಂಬ ಶಂಕೆ ಕಾಡುವುದಿಲ್ಲವೇ? ಬೇಡವೆಂದರೆ ಮಗು ಅಳುತ್ತದೆ. ಕೊಡಿಸಿದರೆ ಎರಡು ದಿನ ನಿಮಗೆ ನೆಮ್ಮದಿಯಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಸುಲಭವಾದ ದಾರಿಯೊಂದಿದೆ. ಪಾನಿಪುರಿಯನ್ನು ಮನೆಯಲ್ಲೇ ಮಾಡುವುದು. ಅದು ನೀವು ಅಂದುಕೊಂಡಷ್ಟು ಕಷ್ಟದ ಕೆಲಸವಲ್ಲ.

ಹಸಿರು ಬಣ್ಣದ ಗುಟ್ಟು

ನಮ್ಮ ಶಂಕೆ ಆಧಾರವಿಲ್ಲದ್ದೇನೂ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಬೇರೆಬೇರೆ ಕಡೆಗಳಿಂದ ಪಾನಿಪುರಿಯ 260 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅವುಗಳಲ್ಲಿ 41 ಮಾದರಿಗಳು ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ಕಂಡುಬಂದವು. ಎಂದರೆ ಸುಮಾರು ಆರರಲ್ಲಿ ಒಂದು!

ಪುದೀನ, ಕೊತ್ತಂಬರಿ ಇರುವಾಗ ಬಣ್ಣವೇಕೆ ಎಂದು ನೀವು ಕೇಳಬಹುದು. ಸೊಪ್ಪು ಅರೆದು ಹುಳಿ ಬೆರೆಸಿದ ನೀರು ಬಹಳ ಹೊತ್ತು ಹಸಿರಾಗಿ ಉಳಿಯುವುದಿಲ್ಲ. ಎಲೆಯ ಹಸಿರಿಗೆ ಹುಳಿ ತಾಗಿದರೆ ಅದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಾರುವವನಿಗೆ ಅದು ನಷ್ಟ, ಏಕೆಂದರೆ ಗಿರಾಕಿಗೆ ಕಣ್ಣಿಗೆ ಕುಕ್ಕುವ ಹಸಿರೇ ಬೇಕು. ಸೊಪ್ಪು ದುಬಾರಿಯಾದ ದಿನವಂತೂ ನೀಲಿ ಮತ್ತು ಹಳದಿ ಪುಡಿಯನ್ನು ಒಂದೊಂದು ಚಿಟಿಕೆ ಬೆರೆಸಿದರೆ ಇಡೀ ಪಾತ್ರೆ ಹಸಿರಾಗುತ್ತದೆ. ಆದ್ದರಿಂದ ಒಂದು ಮಾತು ನೆನಪಿರಲಿ. ಮನೆಯ ಪಾನಿ ಒಂದೆರಡು ಗಂಟೆಯಲ್ಲಿ ಮಂಕಾದರೆ ಬೇಸರಿಸಬೇಡಿ. ಬೆಳಗ್ಗಿನಿಂದ ರಾತ್ರಿಯವರೆಗೂ ಗಿಳಿಯ ಹಸಿರಿನಂತೆ ಹೊಳೆಯುವ ನೀರನ್ನು ಕಂಡರೆ ಮಾತ್ರ ಎರಡು ಬಾರಿ ಯೋಚಿಸಿ.

ಬಣ್ಣಕ್ಕಿಂತಲೂ ದೊಡ್ಡ ಅಪಾಯ ನೀರಿನದ್ದು. ಟೈಫಾಯಿಡ್, ಕಾಮಾಲೆ, ವಾಂತಿಭೇದಿ ಇವೆಲ್ಲ ಮಲಿನ ನೀರು ಮತ್ತು ಕೊಳಕು ಕೈಯಿಂದ ಹರಡುವ ರೋಗಗಳು. ಪಾನಿಪುರಿಯ ನೀರನ್ನು ಸೊಪ್ಪು ಬೆರೆಸಿದ ಮೇಲೆ ಯಾರೂ ಕುದಿಸುವುದಿಲ್ಲ. ಜತೆಗೆ ಅದರೊಳಗೆ ಮತ್ತೆ ಮತ್ತೆ ಕೈ ಮುಳುಗುತ್ತದೆ.

ಇದನ್ನು ಗಾಡಿಯವರನ್ನು ದೂರಲು ಬರೆಯುತ್ತಿಲ್ಲ. ಅವರೂ ದುಡಿದು ಉಣ್ಣುವವರು, ಅವರ ಮನೆಯಲ್ಲೂ ಮಕ್ಕಳಿದ್ದಾರೆ. 260ರಲ್ಲಿ 41 ಎಂದರೆ ಎಲ್ಲರೂ ಅಲ್ಲವಲ್ಲ! ಶುದ್ಧ ನೀರು ಬಳಸುವ, ಸೌಟಿನಲ್ಲಿ ಬಡಿಸುವ ಗಾಡಿಯವನು ನಿಮ್ಮೂರಿನಲ್ಲಿದ್ದರೆ ಆತನಿಗೇ ವ್ಯಾಪಾರ ಕೊಡಿ. ಆದರೆ ಪುಟ್ಟ ಮಕ್ಕಳು, ಗರ್ಭಿಣಿಯರು, ಈಗಷ್ಟೇ ಕಾಯಿಲೆಯಿಂದ ಎದ್ದವರು ಇರುವ ಮನೆಯಲ್ಲಿ ಈ ತಿಂಡಿಯನ್ನು ಮನೆಯಲ್ಲೇ ಮಾಡುವುದು ಲೇಸು.

ಪುರಿ ಉಬ್ಬದಿರಲು ಕಾರಣವೇನು?

“ನಾನು ಮಾಡಿದರೆ ಪುರಿ ಹಪ್ಪಳವಾಗುತ್ತದೆ” ಎಂಬುದು ಅನೇಕ ಸಹೋದರಿಯರ ದೂರು. ಉಬ್ಬುವುದರ ಹಿಂದಿನ ಲೆಕ್ಕ ತಿಳಿದರೆ ಈ ದೂರು ಇರುವುದಿಲ್ಲ. ಹಿಟ್ಟಿನೊಳಗಿನ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗುತ್ತದೆ. ಆ ಆವಿ ಹೊರಬರಲು ದಾರಿ ಸಿಗದೆ ಪುರಿಯನ್ನು ಉಬ್ಬಿಸುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ, ಲಟ್ಟಿಸಿದ ಪುರಿ ಒಣಗಿದರೆ ಅಥವಾ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾದರೆ ಉಬ್ಬುವುದಿಲ್ಲ.

ಒಂದು ಲೋಟ ಚಿರೋಟಿ ರವೆ, ಎರಡು ದೊಡ್ಡ ಚಮಚ ಮೈದಾ, ಚಿಟಿಕೆ ಉಪ್ಪು ಸೇರಿಸಿ. ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಗಟ್ಟಿಯಾಗಿ ಕಲಸಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ರವೆ ನೀರು ಕುಡಿದು ಹಿಟ್ಟು ಮತ್ತಷ್ಟು ಗಟ್ಟಿಯಾಗಿರುತ್ತದೆ. ಕೈ ಒದ್ದೆ ಮಾಡಿಕೊಂಡು ಐದಾರು ನಿಮಿಷ ಚೆನ್ನಾಗಿ ನಾದಿ. ಇಲ್ಲಿ ಸೋಮಾರಿತನ ಬೇಡ, ಪುರಿಯ ಭಾಗ್ಯ ನಿರ್ಧಾರವಾಗುವುದು ಈ ನಾದುವಿಕೆಯಲ್ಲೇ. ಅಡುಗೆ ಸೋಡಾ ಹಾಕುವ ಅಗತ್ಯವಿಲ್ಲ.

ಹಿಟ್ಟನ್ನು ಚಪಾತಿಯಂತೆ ಒಂದೇ ಸಮನಾಗಿ ತೆಳ್ಳಗೆ ಲಟ್ಟಿಸಿ, ಸಣ್ಣ ಡಬ್ಬಿಯ ಮುಚ್ಚಳದಿಂದ ಒತ್ತಿ ಎರಡಿಂಚಿನ ಬಿಲ್ಲೆಗಳನ್ನು ಮಾಡಿ. ಮಾಡಿದ ಬಿಲ್ಲೆಗಳನ್ನು ಒದ್ದೆ ಬಟ್ಟೆಯ ಕೆಳಗಿಡಿ, ಫ್ಯಾನು ಆರಿಸಿ. ಎಣ್ಣೆಗೆ ಸಾಸಿವೆ ಗಾತ್ರದ ಹಿಟ್ಟು ಹಾಕಿದರೆ ತಕ್ಷಣ ಮೇಲೆ ಬರಬೇಕು. ಆಗ ನಾಲ್ಕೈದು ಬಿಲ್ಲೆಗಳನ್ನು ಬಿಟ್ಟು, ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತಿ. ಉಬ್ಬಿದ ಮೇಲೆ ಉರಿ ತಗ್ಗಿಸಿ, ಹೊಂಬಣ್ಣ ಬರುವವರೆಗೆ ಕರಿಯಿರಿ. ಬೇಗನೆ ತೆಗೆದರೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಒಂದು ವಾರ ಗರಿಗರಿಯಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ನಾಲ್ಕಾರು ಪುರಿ ಚಪ್ಪಟೆಯಾಗಿಯೇ ಉಳಿಯುತ್ತವೆ. ಎಸೆಯಬೇಡಿ, ಅವುಗಳಿಗೂ ಮುಂದೆ ಕೆಲಸವಿದೆ.

ಪಾನಿ ಮತ್ತು ಚಟ್ನಿ

ಮೊದಲು ಒಂದು ಲೀಟರ್ ನೀರನ್ನು ಕುದಿಸಿ ಆರಿಸಿಡಿ. ಐಸ್ ಬೇಕೆಂದರೆ ಅದನ್ನೂ ಕುದಿಸಿ ಆರಿಸಿದ ನೀರಿನಿಂದಲೇ ಮಾಡಿ. ಒಂದು ಲೋಟ ಪುದೀನ ಎಲೆ, ಅರ್ಧ ಲೋಟ ಕೊತ್ತಂಬರಿ ಸೊಪ್ಪನ್ನು ಮೂರ್ನಾಲ್ಕು ಸಲ ನೀರು ಬದಲಿಸಿ ತೊಳೆಯಿರಿ. ಮೂರು ಹಸಿಮೆಣಸು, ಒಂದಿಂಚು ಶುಂಠಿ, ಎರಡು ಐಸ್ ತುಂಡುಗಳೊಂದಿಗೆ ನುಣ್ಣಗೆ ಅರೆಯಿರಿ. ಐಸ್ ಹಾಕುವುದು ಸೊಪ್ಪು ಬಿಸಿಯಾಗಿ ಕಪ್ಪಾಗದಿರಲೆಂದು. ಅರೆದದ್ದನ್ನು ನೀರಿಗೆ ಸೋಸಿ, ಹುರಿದ ಜೀರಿಗೆಯ ಪುಡಿ ಒಂದು ಚಮಚ, ಕಪ್ಪು ಉಪ್ಪು ಒಂದು ಚಮಚ, ರುಚಿ ನೋಡಿ ಸಾದಾ ಉಪ್ಪು ಸೇರಿಸಿ. ಗಾಡಿಯ ಪಾನಿಗೆ ಬರುವ ಆ ವಿಶೇಷ ಘಮ ಕಪ್ಪು ಉಪ್ಪಿನದ್ದು, ಅದನ್ನು ಮರೆತರೆ ಮಕ್ಕಳು ಒಪ್ಪುವುದಿಲ್ಲ! ನಿಂಬೆರಸವನ್ನು ಮಾತ್ರ ಬಡಿಸುವ ಹೊತ್ತಿಗೆ ಹಿಂಡಿ. ಆಗ ಹಸಿರು ಬೇಗ ಮಂಕಾಗುವುದಿಲ್ಲ. ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಮಾಡಿ.

ಸಿಹಿ ಚಟ್ನಿಗೆ ಬೀಜ ತೆಗೆದ ಹತ್ತು ಖರ್ಜೂರ, ನಿಂಬೆ ಗಾತ್ರದ ಹುಣಸೆಹಣ್ಣು, ಅರ್ಧ ಲೋಟ ಬೆಲ್ಲವನ್ನು ಒಂದೂವರೆ ಲೋಟ ನೀರಿನಲ್ಲಿ ಬೇಯಿಸಿ. ಆರಿದ ಮೇಲೆ ಅರೆದು, ಸೋಸಿ, ಚಿಟಿಕೆ ಒಣಶುಂಠಿ ಪುಡಿ ಬೆರೆಸಿ. ರಮಝಾನಿನ ನಂತರ ಮನೆಯಲ್ಲಿ ಉಳಿದ ಖರ್ಜೂರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಒಳಗೆ ತುಂಬಲು ಬೇಯಿಸಿ ಪುಡಿ ಮಾಡಿದ ಆಲೂಗಡ್ಡೆ, ಬೆಂದ ಬಟಾಣಿ ಅಥವಾ ಕಡಲೆ, ಸ್ವಲ್ಪ ಉಪ್ಪು, ಖಾರದ ಪುಡಿ ಸಾಕು. ಮೊಳಕೆ ಬಂದ ಹೆಸರುಕಾಳನ್ನು ಬೇಯಿಸಿ ಸೇರಿಸಿದರೆ, ಕಾಳು ಕಂಡರೆ ಮುಖ ತಿರುಗಿಸುವ ಮಗುವಿನ ಹೊಟ್ಟೆಗೂ ಸದ್ದಿಲ್ಲದೆ ಕಾಳು ಸೇರುತ್ತದೆ.

ಉಬ್ಬದ ಪುರಿಗಳ ವಿಷಯಕ್ಕೆ ಬರೋಣ. ರಾತ್ರಿ ನೆನೆಸಿದ ಒಣ ಬಟಾಣಿಯನ್ನು ಆಲೂಗಡ್ಡೆಯೊಂದಿಗೆ ಕುಕ್ಕರಿನಲ್ಲಿ ಬೇಯಿಸಿ. ಈರುಳ್ಳಿ, ಬೆಳ್ಳುಳ್ಳಿ, ಧನಿಯ, ಚಕ್ಕೆ, ಲವಂಗ, ಪುದೀನ ಹುರಿದು ಅರೆದ ಮಸಾಲೆ ಹಾಕಿ ಕುದಿಸಿ. ಚಪ್ಪಟೆ ಪುರಿಗಳನ್ನು ಮುರಿದು ತಟ್ಟೆಗೆ ಹಾಕಿ, ಮೇಲೆ ಈ ಬಿಸಿ ಗೊಜ್ಜು ಸುರಿದು, ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್, ಸೇವು ಉದುರಿಸಿದರೆ ನಮ್ಮ ಬೆಂಗಳೂರು, ಮೈಸೂರಿನವರ ಮೆಚ್ಚಿನ ಮಸಾಲಪುರಿ ಸಿದ್ಧ. ತಣ್ಣನೆಯ ಪಾನಿ ಬೇಡವೆನ್ನುವ ಹಿರಿಯರಿಗೆ ಇದೇ ಇಷ್ಟ.

ಬಡಿಸುವವರು ಯಾರು?

ಈಗ ಅಡುಗೆ ಪುಸ್ತಕಗಳಲ್ಲಿ ಇಲ್ಲದ ಒಂದು ಮಾತು. ಎಷ್ಟೋ ಮನೆಗಳಲ್ಲಿ ಪಾನಿಪುರಿ ಚೆನ್ನಾಗಿಯೇ ಆಗಿರುತ್ತದೆ, ಆದರೂ “ಗಾಡಿಯ ಹಾಗಿಲ್ಲ” ಎಂಬ ಮಾತು ಬರುತ್ತದೆ. ಯಾಕೆ? ಪಾನಿಪುರಿ ತುಂಬಿಸಿಟ್ಟು ಉಣ್ಣುವ ತಿಂಡಿಯಲ್ಲ. ನೀರು ತುಂಬಿದ ಪುರಿ ಅರೆ ನಿಮಿಷದಲ್ಲೇ ಮೆತ್ತಗಾಗುತ್ತದೆ. ಗಾಡಿಯವನು ಒಂದೊಂದಾಗಿ ಒಡೆದು, ತುಂಬಿಸಿ, ಕೈಗೆ ಕೊಡುತ್ತಾನೆ. ನಾವು ಅದನ್ನು ಹಾಗೇ ಬಾಯಿಗಿಡುತ್ತೇವೆ. ಆ ರುಚಿಯ ಅರ್ಧಪಾಲು ಇರುವುದು ಆ ಕೊಡುವ ಕೈಯಲ್ಲಿ.

ಸ್ವಲ್ಪ ಯೋಚಿಸಿ ನೋಡಿ. ನಮ್ಮ ಅನೇಕ ಸಹೋದರಿಯರಿಗೆ, ಇನ್ನೊಬ್ಬರು ತುಂಬಿಸಿ ಕೈಗೆ ಕೊಟ್ಟದ್ದನ್ನು ಬಿಸಿಬಿಸಿ ಪುರಿಯ ಗರಿಗರಿ ಇರುವಾಗಲೇ ತಿನ್ನುವ ಭಾಗ್ಯ ಸಿಗುವುದು ಆ ಗಾಡಿಯ ಮುಂದೆ ಮಾತ್ರ! ಮನೆಯಲ್ಲಿ ಪಾನಿಪುರಿ ಮಾಡಿದರೆ ಹಿಟ್ಟು ನಾದುವವಳು, ಕರಿಯುವವಳು, ಪಾನಿ ಅರೆಯುವವಳು, ಎಲ್ಲರಿಗೂ ತುಂಬಿಸಿ ಕೊಡುವವಳು ಅವಳೇ. ಕೊನೆಗೆ ಅವಳ ಪಾಲಿಗೆ ಉಳಿಯುವುದು ಒಡೆದ ಚೂರುಗಳು ಮತ್ತು ತೊಳೆಯಲಿಕ್ಕಿರುವ ಪಾತ್ರೆಗಳು. ಹೀಗಾದರೆ ಮುಂದಿನ ಸಲ ಆಕೆಯೇ “ಬೇಡಪ್ಪ, ಹೊರಗೇ ತಿನ್ನಿ” ಎನ್ನುತ್ತಾಳೆ. ಅದು ಆಕೆಯ ತಪ್ಪಲ್ಲ.

ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಪುರಿಯನ್ನು ನೀವು ಒಂದೆರಡು ದಿನ ಮೊದಲೇ ಕರಿದು ಡಬ್ಬಿಗೆ ತುಂಬಿಡಿ. ಚಟ್ನಿ ಫ್ರಿಜ್ಜಿನಲ್ಲಿರಲಿ. ಸಂಜೆ ಆಲೂಗಡ್ಡೆ ಸುಲಿಯುವ, ಸೊಪ್ಪು ಬಿಡಿಸುವ ಕೆಲಸ ಮಕ್ಕಳಿಗಿರಲಿ, ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ. ಬಡಿಸುವ ಸರದಿ ಮನೆಯ ಯಜಮಾನರದ್ದಾಗಲಿ ಅಥವಾ ದೊಡ್ಡ ಮಗನದ್ದಾಗಲಿ. ಕೈ ಸಾಬೂನಿನಿಂದ ತೊಳೆದು, ಪಾನಿಗೆ ಸೌಟು ಇಟ್ಟುಕೊಂಡು ಅವರು ಮೇಜಿನ ಆ ಬದಿಯಲ್ಲಿ ನಿಲ್ಲಲಿ. ಈ ಬದಿಯಲ್ಲಿ ಅಜ್ಜಿಯ ಪಕ್ಕದಲ್ಲಿ ನೀವು ನಿಲ್ಲಿ. ಮೊದಲ ಪುರಿ ಅಜ್ಜಿಗೆ, ಎರಡನೆಯದು ನಿಮಗೆ. “ಅಣ್ಣಾ, ಖಾರ ಕಡಿಮೆ” ಎಂದು ಮಕ್ಕಳು ತಂದೆಯನ್ನೇ ಗಾಡಿಯವನಂತೆ ಕರೆದು ನಗಲಿ.

ಹೊರಗಿನ ತಿಂಡಿ ಕೆಟ್ಟದ್ದೆಂದು ಮಕ್ಕಳಿಗೆ ಎಷ್ಟು ಉಪದೇಶಿಸಿದರೂ ಪ್ರಯೋಜನ ಕಡಿಮೆ. ತರಗತಿಯಲ್ಲಿ ತಲೆಯಾಡಿಸಿದ ಮಕ್ಕಳೇ ಬೆಲ್ಲು ಹೊಡೆದೊಡನೆ ಗೇಟಿನ ಗಾಡಿಯತ್ತ ಓಡುವುದನ್ನು ನಾವು ಶಿಕ್ಷಕರು ದಿನವೂ ನೋಡುತ್ತೇವೆ. ಉಪದೇಶಕ್ಕಿಂತ ಮನೆಯ ಒಂದು ಸಂಜೆ ಹೆಚ್ಚು ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಸಾಕು. ಕರಿದ ತಿಂಡಿಯಾದ್ದರಿಂದ ಅದಕ್ಕಿಂತ ಹೆಚ್ಚು ಬೇಡವೂ ಬೇಡ. ಈ ಭಾನುವಾರ ಪ್ರಯತ್ನಿಸಿ ನೋಡಿ. ಆದರೆ ರವೆ ಕಲಸುವ ಮೊದಲು, ಬಡಿಸುವವರು ಯಾರೆಂದು ಮನೆಯಲ್ಲಿ ಎಲ್ಲರೆದುರು ತೀರ್ಮಾನಿಸಿಬಿಡಿ.