ನಿಮಗಿದು ಗೊತ್ತೇ? ಹತ್ತಿಯಿಲ್ಲದ ಸೀಮೆಯ ಹತ್ತಿಹುಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹತ್ತಿ ಹೊಲ ಹುಡುಕಿಕೊಂಡು ಹೋದರೆ ಕಾಲು ನೋವೇ ಗತಿ. ಇಲ್ಲಿಯ ಮಳೆಗೆ ಹತ್ತಿಕಾಯಿ ಒಡೆಯುವುದಿರಲಿ, ಗಿಡ ಉಳಿದರೆ ಹೆಚ್ಚು. ಆದರೆ ಹತ್ತಿಯ ಹುಳು ಮಾತ್ರ ನಮ್ಮಲ್ಲಿ ಧಾರಾಳವಾಗಿದೆ. ಎಲ್ಲಿ ಎಂದಿರಾ? ನಿಮ್ಮ ಹಿತ್ತಲ ಬೆಂಡೆಕಾಯಿಯೊಳಗೆ. ಪಲ್ಯಕ್ಕೆ ಹೆಚ್ಚುವಾಗ ಕತ್ತಿಗೆ ಸಿಕ್ಕಿ ನಮ್ಮ ಮುಖ ಸಿಂಡರಿಸುವಂತೆ ಮಾಡುವ ಆ ಚುಕ್ಕೆಚುಕ್ಕೆಯ ಕಾಯಿಕೊರಕ, ಬಯಲುಸೀಮೆಯ ಹತ್ತಿಕಾಯಿಯನ್ನೂ ಕೊರೆಯುತ್ತದೆ. ಹತ್ತಿ, ಬೆಂಡೆ, ದಾಸವಾಳ ಮೂರೂ ಒಂದೇ ಕುಟುಂಬದವು. ಹುಳುವಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ, ಕುಟುಂಬ ಗೊತ್ತು.

ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದು ಅರಳೆ ಹಾರುವಾಗ ಮರದ ಬುಡಕ್ಕೊಮ್ಮೆ ಹೋಗಿ ನೋಡಿ. ಕೆಂಪು ಮೈ, ಕಪ್ಪು ಚುಕ್ಕೆಯ ಕೀಟಗಳು ಹಿಂಭಾಗಕ್ಕೆ ಹಿಂಭಾಗ ಅಂಟಿಸಿಕೊಂಡು ಜೋಡಿಜೋಡಿಯಾಗಿ ಓಡಾಡುತ್ತಿರುತ್ತವೆ. ಅವೇ ಹತ್ತಿಯ ಕೆಂಪು ತಿಗಣೆಗಳು. ಹತ್ತಿ ಹೊಲದಲ್ಲಿ ಅರಳೆಗೆ ಕಲೆ ಹಿಡಿಸುವ ಕೇಡಿಗಳು, ಇಲ್ಲಿ ಉದುರಿದ ಬೂರುಗದ ಬೀಜ ಹೀರಿಕೊಂಡು ಸಂಸಾರ ನಡೆಸುತ್ತಿವೆ. ಅವುಗಳ ಪಾಡಿಗೆ ಬಿಡಿ.

ಕಾಯಿಕೊರಕಕ್ಕೆ ತಾನೇ ವಿಷವಾಗುವ ಬಿ.ಟಿ. ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಗುಲಾಬಿ ಕಾಯಿಕೊರಕ ಅದನ್ನು ಜೀರ್ಣಿಸಿಕೊಂಡ ಸುದ್ದಿ ಗುಜರಾತಿನಿಂದ ಬಂದದ್ದು 2010ರಲ್ಲಿ. ನಡುವೆ ಎಂಟೇ ವರ್ಷ.

ಅಡಿಕೆ ಸೋಗೆಯ ಅಡಿಭಾಗ ಕೆಂಪಗೆ ಪುಡಿ ಉದುರಿಸಿದಂತೆ ಕಂಡರೆ ಅದು ಕೀಟವಲ್ಲ, ನುಸಿ. ಕಾಲು ಎಣಿಸಿ: ಕೀಟಕ್ಕೆ ಆರು, ನುಸಿಗೆ ಎಂಟು. ಜೇಡ, ಉಣುಗುಗಳ ಬಳಗ ಅದು. ಈ ವ್ಯತ್ಯಾಸ ಪಂಡಿತರ ಜಗಳವಲ್ಲ, ದುಡ್ಡಿನ ವಿಷಯ. ಎಷ್ಟೋ ಕೀಟನಾಶಕಗಳು ನುಸಿಗೆ ನಾಟುವುದಿಲ್ಲ. ಬದಲಿಗೆ ನುಸಿಯನ್ನು ತಿಂದು ಬದುಕುವ ಗುಲಗಂಜಿ ಹುಳು, ಪರಭಕ್ಷಕ ನುಸಿಗಳನ್ನು ಕೊಲ್ಲುತ್ತವೆ. ಹದಿನೈದು ದಿನ ಬಿಟ್ಟು ನೋಡಿದರೆ ನುಸಿ ದುಪ್ಪಟ್ಟು. ಅಂಗಡಿಯವನಿಗೆ ಇನ್ನೊಂದು ಬಾಟಲಿಯ ವ್ಯಾಪಾರ.

ಇದೇ ಕೆಂಪು ನುಸಿಯನ್ನು ವಿಜ್ಞಾನಿಗಳು ಮೊದಲು ಗುರುತಿಸಿ ಹೆಸರಿಟ್ಟದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನ ಗರಿಯ ಮೇಲೆ. 2004ರಲ್ಲಿ ಅದು ಕೆರಿಬಿಯನ್ ದ್ವೀಪಗಳಲ್ಲಿ ಕಾಣಿಸಿಕೊಂಡಿತು. ಮೂರೇ ವರ್ಷದಲ್ಲಿ ಅಮೆರಿಕದ ಫ್ಲಾರಿಡಾ ಮುಟ್ಟಿತು. ಹೆಸರಲ್ಲೇ 'ಇಂಡಿಕಾ' ಇರುವುದರಿಂದ ನಮ್ಮದಲ್ಲ ಎನ್ನುವಂತಿಲ್ಲ.

ಎಂಟು ಕಾಲಿನ ಲೆಕ್ಕಕ್ಕೆ ಒಂದು ತಕರಾರು ಉಂಟು: ನುಸಿ, ಉಣುಗುಗಳ ಮರಿಗೆ ಆರೇ ಕಾಲು, ಎಂಟಾಗುವುದು ಪೊರೆ ಕಳಚಿದ ಮೇಲೆ. ದರಕು ಗುಡಿಸಲು ಹೋದವರ ಕಾಲಿಗೆ ಹತ್ತುವ ಎಳ್ಳಿಗಿಂತಲೂ ಸಣ್ಣ ಮರಿ ಉಣುಗನ್ನು 'ಏನೋ ಸಣ್ಣ ಹುಳ' ಎಂದು ಒರೆಸಿಕೊಂಡು ಸುಮ್ಮನಾಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗಿನ ಬಳಗವೇ. ಸಾಗರದ ಅರಲಗೋಡಿನವರಿಗೆ ಈ ಕಾಯಿಲೆ ಹರಡಿದ 2018-19ರ ಚಳಿಗಾಲವನ್ನು ಮತ್ತೆ ನೆನಪಿಸಬೇಕಾಗಿಲ್ಲ.

ಇನ್ನು ತೋಟದ ದೊಡ್ಡ ಕಳ್ಳ ಬೇರುಹುಳು. ಬಿಳಿ ಮೈ, ಕಂದು ತಲೆ, ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿ ಮಲಗಿರುವ ಈ ಗೊಣ್ಣೆಹುಳುವನ್ನು ಗುದ್ದಲಿ ಹಿಡಿದವರೆಲ್ಲ ನೋಡಿರುತ್ತಾರೆ. ಅಡಿಕೆಮರದ ಎಲೆ ಹಳದಿಯಾಗುತ್ತದೆ, ತುದಿ ಸಣ್ಣಗಾಗುತ್ತದೆ, ಫಸಲು ಇಳಿಯುತ್ತದೆ. ನಾವೋ ಮೇಲೆ ನೋಡಿಕೊಂಡು 'ಹಳದಿ ಎಲೆ ರೋಗ ಬಂತು' ಎಂದು ತಲೆಗೆ ಕೈ ಹೊತ್ತು ಕೂರುತ್ತೇವೆ. ಒಂದು ಪರೀಕ್ಷೆ ಮಾಡಿ. ಮರಕ್ಕೆ ಎರಡೂ ಕೈ ಕೊಟ್ಟು ಅಲ್ಲಾಡಿಸಿ. ಬುಡವೇ ಸಡಿಲವಾಗಿ ಓಲಾಡಿದರೆ ಮಣ್ಣು ಬಗೆದು ಬೇರು ನೋಡಿ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ಬೇರೆಯೇ ಒಂದು ಪುಟ್ಟ ಜಿಗಿಹುಳು. ಎರಡು ತೊಂದರೆಗೂ ಒಂದೇ ಮದ್ದು ಹೇಳುವವರನ್ನು ನಂಬಬೇಡಿ.

ಬೇರುಹುಳುವಿನ ತಾಯಿ ನೆಲದಡಿ ಇರುವುದಿಲ್ಲವೇ ಎಂದು ಕೇಳಿದರೆ, ಇರುತ್ತಾಳೆ. ಆದರೆ ವರ್ಷಕ್ಕೊಮ್ಮೆ ಹೊರಗೆ ಬರುತ್ತಾಳೆ. ಮೇ ಕೊನೆ, ಜೂನ್ ಮೊದಲಲ್ಲಿ ಎರಡು ಮಳೆ ಬಿದ್ದು ನೆಲ ನೆನೆದ ಮೇಲೆ ಸಂಜೆ ಏಳರ ಹೊತ್ತಿಗೆ ತೋಟದಲ್ಲಿ ಸುಮ್ಮನೆ ನಿಲ್ಲಿ. ಮೊದಲು ದರಕಿನಡಿ ಸರಸರ ಸದ್ದು. ಆಮೇಲೆ ದೂರದಲ್ಲಿ ಬೈಕು ಹೋದಂತೆ ಗುಂಯ್ ಎಂಬ ಮೊರೆತ. ಬೆಟ್ಟೆ ಅಡಿಕೆಯ ಬಣ್ಣದ ದುಂಬಿಗಳು ಮಣ್ಣು ಸೀಳಿಕೊಂಡು ಮೇಲೇಳುತ್ತವೆ. ಹೆಣ್ಣು ಪಕ್ಕದ ಕಳೆಗಿಡಕ್ಕೋ ಬಾಳೆ ಎಲೆಗೋ ಹತ್ತಿ ಕೂತು ವಾಸನೆ ಬಿಡುತ್ತದೆ. ಗಂಡುಗಳು ಅದನ್ನೇ ಹಿಡಿದು ಹಾರಿ ಬರುತ್ತವೆ. ಕತ್ತಲು ಪೂರ್ತಿ ಕವಿಯುವ ಹೊತ್ತಿಗೆ ಸಂತೆ ಮುಗಿದು ತೋಟ ಮೊದಲಿನಂತೆ ತಣ್ಣಗಾಗಿರುತ್ತದೆ. ಅರ್ಧ ಗಂಟೆಯ ಆಟ. ಆ ಅರ್ಧ ಗಂಟೆಯಲ್ಲಿ ಬಕೆಟ್ಟಿಗೆ ಒಂದಿಷ್ಟು ನೀರು, ಮೇಲೆ ಸೀಮೆಎಣ್ಣೆ ಹಾಕಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಹೆಕ್ಕಿ ಹಾಕಿದರೆ, ಒಂದೊಂದು ಹೆಣ್ಣಿನ ಜೊತೆಗೆ ಅದರ ಮೊಟ್ಟೆಗಳೂ ಹೋದ ಲೆಕ್ಕ. ಹತ್ತು ಹದಿನೈದು ದಿನ ಬಿಡದೆ ಮಾಡಬೇಕು, ಒಬ್ಬರೇ ಮಾಡಿದರೆ ಸಾಲದು, ನೆರೆತೋಟದವರೂ ಬರಬೇಕು. ನಾನು ಮೊದಲ ಸಲ ಹೆಕ್ಕಲು ನಿಂತಾಗ ಅರ್ಧ ದುಂಬಿ ಬಕೆಟ್ಟಿಗೆ ಬಿದ್ದವು, ಇನ್ನರ್ಧ ಅಂಗಿಯೊಳಗೆ ಹೊಕ್ಕವು. ಟಾರ್ಚನ್ನು ಎದೆಯ ಹತ್ತಿರ ಹಿಡಿದದ್ದೇ ತಪ್ಪು.

ಹೆಣ್ಣು ದುಂಬಿಯನ್ನೇ ಬಲೆಯೊಳಗಿಟ್ಟು ಗಂಡುಗಳನ್ನು ಹಿಡಿಯುವ ಪ್ರಯೋಗವನ್ನು ಶಿವಮೊಗ್ಗದ ಕೀಟಶಾಸ್ತ್ರಜ್ಞರು ಮಾಡಿ ನೋಡಿದ್ದಾರೆ. ನೆಲದೊಳಗಿನ ಹುಳುವನ್ನು ಕೊಲ್ಲಲು ಜಂತುವಿಗೆ ಜಂತುವನ್ನೇ ಛೂ ಬಿಡುವ ದಾರಿಯೂ ಇದೆ: ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಜಂತು ಹುಳುವಿನ ಮೈಯೊಳಗೆ ಹೊಕ್ಕು ಅಲ್ಲಿ ಬ್ಯಾಕ್ಟೀರಿಯಾ ಬಿಡುತ್ತದೆ, ಹುಳು ಸಾಯುತ್ತದೆ. ಆದರೆ ನೀರು ಬಸಿಯುವ ಕಾಲುವೆ ಹೂಳು ತುಂಬಿಕೊಂಡಿದ್ದರೆ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ.

ಅಡಿಕೆ ಸುಳಿಯನ್ನು ಹೀರುವ ಸುಳಿ ತಿಗಣೆಯ ವೈಜ್ಞಾನಿಕ ಹೆಸರು ಕಾರ್ವಾಲೋಯಿಯಾ ಅರೆಕೆ. ಕಾರ್ವಾಲೋ ಎಂದರೆ ಅಂಥ ತಿಗಣೆಗಳನ್ನೇ ಜೀವಮಾನವಿಡೀ ಓದಿದ ಬ್ರೆಜಿಲ್ ದೇಶದ ವಿಜ್ಞಾನಿ. ಅರೆಕೆ ಎಂದರೆ ನಮ್ಮ ಅಡಿಕೆ. ಎಲ್ಲಿಯ ಬ್ರೆಜಿಲ್, ಎಲ್ಲಿಯ ತೀರ್ಥಹಳ್ಳಿ!

ಎಳೆಗಾಯಿ ರಾಶಿ ಉದುರಿದರೆ ಕೊಳೆ ಎಂದುಕೊಳ್ಳುವ ಮೊದಲು ಒಂದನ್ನು ಎತ್ತಿ ನೋಡಿ. ಮೈಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದರೆ ಕಾಯಿ ಹೀರುವ ತಿಗಣೆಯ ಕೆಲಸ. ಬೂಸಲು ಹಿಡಿದಿದ್ದರೆ ಕೊಳೆರೋಗ.

ಕೊಳೆರೋಗಕ್ಕೂ ಎಲೆಚುಕ್ಕೆ ರೋಗಕ್ಕೂ ಹುಳುವಿಗೂ ಸಂಬಂಧವೇ ಇಲ್ಲ. ಎಲೆಚುಕ್ಕೆಗೆ ಕಾರಣ ಶಿಲೀಂಧ್ರ, ಕೊಳೆಗೆ ಶಿಲೀಂಧ್ರದಂಥದೇ ಇನ್ನೊಂದು ಜೀವಿ. ಎಲೆಚುಕ್ಕೆಗೆ ಕೀಟನಾಶಕ ಹೊಡೆದವರನ್ನು ನಾನೇ ಕಂಡಿದ್ದೇನೆ. ಅದು ಜ್ವರಕ್ಕೆ ಬ್ಯಾಂಡೇಜು ಕಟ್ಟಿದಂತೆ.

ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದಿಳಿದದ್ದು 1908ರಲ್ಲಿ. ಎರಡೇ ವರ್ಷದಲ್ಲಿ ಕೊಳೆರೋಗದ ಮೇಲೆ ಪುಸ್ತಕ ಬರೆದರು. ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಮಲೆನಾಡಿನ ಹಳೆಯ ಪದ್ಧತಿಯ ಪಕ್ಕದಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ತಂದು ನಿಲ್ಲಿಸಿದರು. ಮರುವರ್ಷ, ಅಂದರೆ 1911ರಲ್ಲಿ, ಭತ್ತದ ಮಿಡತೆಯ ಮೇಲೂ ಬರೆದರು. ಮಿಡತೆ ಗದ್ದೆಯ ಅಂಚಿನ ಮಣ್ಣೊಳಗೆ ಮೊಟ್ಟೆಯಿಡುತ್ತದೆ. ಅಂಚು ಕಡಿದು ಕೆತ್ತಿದರೆ ಮೊಟ್ಟೆ ಬಿಸಿಲಿಗೆ, ಹಕ್ಕಿಗೆ ಸಿಗುತ್ತದೆ. ನಮ್ಮ ಅಜ್ಜಂದಿರು ಅಂಚು ಕಡಿಯುತ್ತಿದ್ದುದು ಅಂದಕ್ಕೆ ಮಾತ್ರ ಅಲ್ಲ.

ಕಿವಿರಿರುವ ಕಂಬಳಿಹುಳು ನೋಡಿದ್ದೀರಾ? ಭತ್ತದ ಕೊಳವೆ ಹುಳುವಿಗೆ ಕಿವಿರಿದೆ! ಎಲೆ ತುಂಡರಿಸಿ ಸುರುಳಿ ಸುತ್ತಿ ಕೊಳವೆ ಮಾಡಿಕೊಂಡು, ಅದರೊಳಗೆ ಸ್ವಲ್ಪ ನೀರು ಹಿಡಿದಿಟ್ಟುಕೊಂಡು, ಗದ್ದೆಯ ನೀರಿನ ಮೇಲೆ ದೋಣಿಯಂತೆ ತೇಲುತ್ತಾ ಸಸಿಯಿಂದ ಸಸಿಗೆ ಹೋಗುತ್ತದೆ. ಹಾಗಾಗಿ ಮದ್ದು ಸುಲಭ. ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಇಬ್ಬರು ಎರಡು ಕಡೆ ಹಿಡಿದು ಸಸಿಯ ಮೇಲೆ ಎಳೆಯಿರಿ. ಕೊಳವೆಗಳು ನೀರಿಗೆ ಬೀಳುತ್ತವೆ. ನೀರು ಬಿಟ್ಟು ಎರಡು ಮೂರು ದಿನ ಗದ್ದೆ ಒಣಗಲು ಬಿಡಿ. ನೀರಿಲ್ಲದೆ ಹುಳು ಉಸಿರಾಡಲಾರದು. ಮಕ್ಕಿ ಗದ್ದೆಯವರಿಗೆ ಇದು ಸಲೀಸು. ಬೈಲು ಗದ್ದೆಯವರು ಮಳೆ ಬಿಡುವು ಕೊಡುವುದನ್ನು ಕಾಯಬೇಕು.

ತೆನೆ ಹಾಲುಗಟ್ಟುವಾಗ ಹೀರುವ, ಮುಟ್ಟಿದರೆ ಕೆಟ್ಟ ನಾತ ಬಿಡುವ ತೆನೆ ತಿಗಣೆಗೆ 'ಗಾಂಧಿ ಬಗ್' ಎನ್ನುವುದು ಕೇಳಿ ಗಾಂಧೀಜಿಗೆ ಅವಮಾನ ಎಂದು ಸಿಟ್ಟಾಗಬೇಡಿ. ಅದು ಹಿಂದಿಯ 'ಗಂಧಿ', ಅಂದರೆ ವಾಸನೆಯದು.

ಭತ್ತದ ಬುಡದಿಂದ ಈರುಳ್ಳಿ ಎಲೆಯಂಥ ಬೆಳ್ಳನೆಯ ಕೊಳವೆ ಎದ್ದಿದ್ದರೆ ಕಣೆ ನೊಣ ಒಳಹೊಕ್ಕು ತನ್ನ ಕೆಲಸ ಮುಗಿಸಿದೆ ಎಂದರ್ಥ. ಆ ಕಣೆಯಲ್ಲಿ ತೆನೆ ಬರುವುದಿಲ್ಲ. ಆಗ ಮದ್ದು ಹೊಡೆಯುವುದು ಊಟವಾದ ಮೇಲೆ ಎಲೆ ಹಾಕಿದಂತೆ.

1970ರ ದಶಕದಲ್ಲಿ ಸಾಗರದ ಹಂದಿಗೋಡಿನಲ್ಲಿ ಸೊಂಟ, ಮಂಡಿ ನೋವಿನಿಂದ ಜನ ಎದ್ದು ನಿಲ್ಲಲಾಗದ ಕಾಯಿಲೆ ಬೆಳಕಿಗೆ ಬಂದಾಗ ಮೊದಲ ಶಂಕೆ ಹೋದದ್ದು ಗದ್ದೆಯ ಏಡಿಯ ಮೇಲೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ, ಏಡಿಯಿಂದ ತಿಂದವರ ಮೂಳೆಗೆ ಎಂದು ವಾದ. ಮುಂದೆ ನಡೆದ ಅಧ್ಯಯನಗಳು ಅದು ವಂಶವಾಹಿಯಲ್ಲಿ ಬರುವ ಕಾಯಿಲೆ ಎಂದು ತೋರಿಸಿದವು. ಏಡಿ ನಿರಪರಾಧಿ. ಹಾಗೆಂದು ಮದ್ದು ಹೊಡೆದ ಗದ್ದೆಯ ಏಡಿಯನ್ನು ಅದೇ ವಾರ ಸಾರಿಗೆ ಹಾಕಿ ಎಂದು ಯಾರೂ ಹೇಳಿಲ್ಲ.

ಚಗಳಿ ಎಂಬ ಕೆಂಪಿರುವೆಯ ಚಟ್ನಿ ತಿಂದವರಿಗೆ ಅದರ ಹುಳಿ ಗೊತ್ತು. ಚೀನಾದ ಕಿತ್ತಳೆ ಬೆಳೆಗಾರರಿಗೆ ಅದರ ದುಡಿಮೆ ಗೊತ್ತಿತ್ತು. ಕ್ರಿ.ಶ. 304ರದ್ದು ಎನ್ನಲಾಗುವ ಅಲ್ಲಿಯ ಗ್ರಂಥವೊಂದರಲ್ಲಿ ಚಗಳಿಯ ಗೂಡನ್ನು ಸಂತೆಯಲ್ಲಿ ಕೊಂಡು ತಂದು ಕಿತ್ತಳೆ ಮರಕ್ಕೆ ಕಟ್ಟುತ್ತಿದ್ದ ವಿವರವಿದೆ. ಜಗತ್ತಿನಲ್ಲಿ ಬರೆದಿಟ್ಟ ಮೊಟ್ಟಮೊದಲ ಜೈವಿಕ ಕೀಟ ನಿಯಂತ್ರಣ ಇದೇ ಎನ್ನುತ್ತಾರೆ. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮ್ಮ ಚಗಳಿ ಇನ್ನೂ ಅರ್ಜಿ ಹಾಕಿದಂತಿಲ್ಲ. ಒಂದು ದೋಷವೂ ಇದೆ: ಸಿಹಿ ರಸದಾಸೆಗೆ ಹಿಟ್ಟು ತಿಗಣೆಯನ್ನು ಈ ಇರುವೆ ಸಾಕಿ ಕಾಯುತ್ತದೆ. ಅಡಿಕೆ ಮರ ಹತ್ತುವ ಕೊನೆಗೌಡನ ಅಭಿಪ್ರಾಯ ಕೇಳಿದರೆ ಇಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಅರ್ಧ ಮಿಲಿಮೀಟರಿನ ಟ್ರೈಕೊಗ್ರಾಮ ಕಣಜ ಹತ್ತಿಯ ಕಾಯಿಕೊರಕದ, ಭತ್ತದ ಕಾಂಡಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸುವುದು ಅಕ್ಕಿಯಲ್ಲಿ ಬಲೆ ಕಟ್ಟುವ ಪತಂಗದ ಮೊಟ್ಟೆಯ ಮೇಲೆ. ನೀವು ಮೊರದಲ್ಲಿ ಕೇರಿ ಎಸೆಯುವ ಹುಳುವನ್ನು ಅಲ್ಲಿ ಧಾನ್ಯ ಹಾಕಿ ಸಾಕುತ್ತಾರೆ.

ಮೆಕ್ಕೆಜೋಳದ ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬುವ ಲದ್ದಿಹುಳು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಕ್ಕೆ ಬಂತು. ಭಾರತದಲ್ಲಿ ಅದನ್ನು ಮೊದಲು ಪತ್ತೆ ಹಚ್ಚಿದ್ದು ಎಲ್ಲಿ ಗೊತ್ತೇ? ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ನಮ್ಮ ಶಿವಮೊಗ್ಗದ ನವುಲೆ ಕೃಷಿ ಕಾಲೇಜಿನ ಮೆಕ್ಕೆಜೋಳದ ಹೊಲದಲ್ಲಿ, 2018ರ ಮೇ ತಿಂಗಳಿನಲ್ಲಿ. ಗುರುತು ಹಿಡಿಯುವುದು ಸುಲಭ: ಹಣೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇದರ ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಎರಡು ವರ್ಷದೊಳಗೆ ದೇಶದ ಬಹುಪಾಲು ರಾಜ್ಯಗಳನ್ನು ಸುತ್ತಿತು.

ಚಾಲಿ ಅಡಿಕೆಗೆ ಕುಟ್ಟೆ ಹಿಡಿಸುವ ಹುಳುವಿನ ಇಂಗ್ಲಿಷ್ ಹೆಸರು ಕಾಫಿಬೀಜದ್ದು. ಕಾಫಿ, ಕೋಕೋ, ಜಾಯಿಕಾಯಿ ಯಾವುದಾದರೂ ಆದೀತು ಅದಕ್ಕೆ. ಸರಿಯಾಗಿ ಒಣಗದ ಅಡಿಕೆ ಕಂಡರೆ ಹಬ್ಬ. ಅಂಗಳದಲ್ಲಿ ಇನ್ನೆರಡು ಬಿಸಿಲು ಹೆಚ್ಚು ಕೊಟ್ಟು, ಚೀಲವನ್ನು ಮಣೆಯ ಮೇಲೆ ಗೋಡೆ ಮುಟ್ಟದಂತೆ ಇಟ್ಟರೆ ಅರ್ಧ ಗೆದ್ದಂತೆ.

ಕೀಟನಾಶಕದ ಡಬ್ಬದ ಮೇಲಿನ ಬಣ್ಣದ ಗುರುತು ಅಲಂಕಾರಕ್ಕಲ್ಲ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ಕುಡಿಯಬಹುದು ಎಂದಲ್ಲ, ಇದ್ದುದರಲ್ಲಿ ಕಡಿಮೆ ವಿಷ ಎಂದು.

ಗುರುತು ಸಿಗದ ಹುಳು ಕಂಡರೆ ಮದ್ದಿನ ಅಂಗಡಿಗೆ ಓಡುವ ಮೊದಲು ಒಂದೆರಡನ್ನು ಬಾಟಲಿಗೆ ಹಾಕಿಕೊಳ್ಳಿ, ಅದು ತಿಂದ ಎಲೆಯ ಸಮೇತ. ಸಾಗರದವರಿಗೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ಇದೆ, ತೀರ್ಥಹಳ್ಳಿಯವರಿಗೆ ಸೀಬಿನಕೆರೆಯ ಅಡಿಕೆ ಸಂಶೋಧನಾ ಕೇಂದ್ರ ಇದೆ, ಹೊಸನಗರದವರು ಎರಡರಲ್ಲಿ ಹತ್ತಿರದ್ದಕ್ಕೆ ಬಸ್ಸು ಹತ್ತಬಹುದು. ಬಸ್ಸೂ ಇಲ್ಲದ ಮಳೆಗಾಲದ ದಿನ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನು ಮಾಡಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಉತ್ತರಿಸುತ್ತಾರೆ, ದುಡ್ಡಿಲ್ಲ.