ಕರುಳು ತಣಿಯದೆ ಬಿರುಕು ಮಾಯದು

ಮಲದ್ವಾರದ ಮಾತೆತ್ತಲು ಟಿ.ವಿ.ಯಲ್ಲಿ ನಾವೂ ಹಿಂಜರಿಯುತ್ತೇವೆ. ಆದರೆ ವರ್ತೂರಿನಿಂದ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ನಿಮ್ಮಲ್ಲಿ ಯಾರಿಗಾದರೂ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪೊರೆಯ ಉರಿಯೂತ, ಇದ್ದರೆ ಇದು ತಿಳಿದಿರಬೇಕು.

ಪದೇ ಪದೇ ಭೇದಿಯಾದಾಗ ಮಲದ್ವಾರದ ತೆಳುಚರ್ಮ ಬಿರುಕು ಬಿಡಬಹುದು. ಇದೇ ಫಿಶರ್; ಮೂಲವ್ಯಾಧಿಯಲ್ಲ. ನೋವಿಗೆ ಒಳಸ್ನಾಯು ಬಿಗಿಯುತ್ತದೆ, ಬಿಗಿದಲ್ಲಿಗೆ ರಕ್ತ ಸರಿಯಾಗಿ ಹರಿಯದು, ಗಾಯ ಬೇಗ ಮಾಯದು. ಬೆಚ್ಚನೆಯ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂತರೆ ಬಿಗಿತ ಸಡಿಲವಾಗುತ್ತದೆ. ವೈದ್ಯರು ಬರೆದುಕೊಡುವ ಡಿಲ್ಟಿಯಾಜೆಮ್ ಮುಲಾಮಿನ ಕೆಲಸವೂ ಅದೇ.

ಕರುಳು ಕೆರಳಿರುವಾಗ ಬರೀ ಮುಲಾಮು ಸಾಲದು. ಕೊಲೈಟಿಸ್ ಔಷಧಿ ನಿಲ್ಲಿಸಬೇಡಿ. ರಸ್ತೆಬದಿಯ 'ಪೈಲ್ಸ್' ಬೋರ್ಡು ನೋಡಿ ಕೊಯ್ಸಿಕೊಳ್ಳಲು ಹೋಗಬೇಡಿ: ಸ್ನಾಯು ಕತ್ತರಿಸಿದರೆ ಭೇದಿಯನ್ನು ತಡೆದುಕೊಳ್ಳುವ ಹಿಡಿತವೇ ತಪ್ಪಬಹುದು. ರಕ್ತ ಬಿರುಕಿನದೋ ಕರುಳಿನದೋ ನಿಮಗೆ ತಿಳಿಯದು. ಕರುಳಿನ ತಜ್ಞರಿಗೆ ನಾಚಿಕೆಪಡದೆ ತೋರಿಸಿ.