ಗಿಟಾರಿನ ಕುದುರೆ: ಏಳುವ ಕಾರಣ, ಕೂರಿಸುವ ಕ್ರಮ

ತಂತೀವಾದ್ಯದಲ್ಲಿ ತಂತಿಗಳಿಗೆ ಆಧಾರವಾಗಿರುವ ಮರದ ತುಂಡಿಗೆ ಕನ್ನಡದಲ್ಲಿ ಕುದುರೆಯೆಂದು ಹೆಸರು. ವೀಣೆಯ ಮಟ್ಟಿಗೆ ಈ ಹೆಸರು ಬಹು ಸಾರ್ಥಕವಾದುದು. ಅಲ್ಲಿ ತಂತಿಗಳು ಕುದುರೆಯ ಬೆನ್ನನ್ನೇರಿ, ಅದನ್ನು ದಾಟಿ, ನಾಗಪಾಶದಲ್ಲಿ ಬಂಧಿತವಾಗುತ್ತವೆ. ಅವುಗಳ ಬಿಗಿತವು ಕುದುರೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಗಿಟಾರಿನ ಸ್ಥಿತಿ ಬೇರೆ. ಅಲ್ಲಿ ತಂತಿಗಳು ಕುದುರೆಯಲ್ಲಿಯೇ ಕೊನೆಗೊಳ್ಳುವುದರಿಂದ ಸವಾರನು ಬೆನ್ನನ್ನೇರದೆ ಲಗಾಮನ್ನಷ್ಟೇ ಹಿಡಿದು ಜಗ್ಗಿದಂತಾಗುತ್ತದೆ. ಉಕ್ಕಿನ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋಗ್ರಾಂ. ನೈಲಾನ್ ತಂತಿಗಳದು 40ರ ಆಸುಪಾಸು. ಸುಮಾರು 3 ಮಿಲಿಮೀಟರ್ ದಪ್ಪದ ಮೇಲ್ಹಲಗೆಯೂ ಅಂಟಿನ ತೆಳುಪದರವೂ ಹಗಲಿರುಳು ಈ ಭಾರವನ್ನು ತಾಳಬೇಕು.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯವನ್ನಿಟ್ಟರೆ ಅಂಟು ಮೆದುವಾಗುತ್ತದೆ. ಹವೆಯ ತೇವ ಏರಿಳಿದರೆ ಹಲಗೆ ಉಬ್ಬಿ ಕುಗ್ಗುತ್ತದೆ. ಅಗ್ಗದ ವಾದ್ಯಗಳಲ್ಲಿ ಕೆಲವೊಮ್ಮೆ ಕುದುರೆಯನ್ನು ಮರಕ್ಕಲ್ಲ, ಮೆರುಗೆಣ್ಣೆಯ ಮೇಲೆಯೇ ಅಂಟಿಸಿರುತ್ತಾರೆ. ಇದು ಮರಳಿನ ಮೇಲೆ ಮನೆ ಕಟ್ಟಿದ ಹಾಗೆ. ಮೊದಲು ಏಳುವುದು ಕುದುರೆಯ ಹಿಂದಣ ಅಂಚು. ಅದರಡಿ ತೆಳು ಕಾಗದವೊಂದು ನುಸುಳಿದರೆ ಆ ಕ್ಷಣವೇ ತಂತಿಗಳನ್ನು ಸಡಿಲಿಸತಕ್ಕದ್ದು. ಉದಾಸೀನ ಮಾಡಿದರೆ ಒಂದು ದಿನ ಕುದುರೆಯು ಹಲಗೆಯ ನಾರುಗಳನ್ನೂ ಕಿತ್ತುಕೊಂಡು ಹಾರುತ್ತದೆ. ಉಳಿತಾಯದ ಹಣದಿಂದ ವಾದ್ಯ ಕೊಂಡ ವಿದ್ಯಾರ್ಥಿಗೆ ಅದು ಸಣ್ಣ ನಷ್ಟವಲ್ಲ.

ಸಂದಿನೊಳಗೆ ಅಂಟು ತುಂಬಿ ಒತ್ತಿಡುವುದು ಸುಲಭವಾಗಿ ತೋರಿದರೂ ವ್ಯರ್ಥ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯದು. ಮೊಳೆ, ಸ್ಕ್ರೂ, ಕ್ಷಣದಲ್ಲಿ ಗಟ್ಟಿಯಾಗುವ ಅಂಟು ಇವು ಮುಂದಿನ ದುರಸ್ತಿಯನ್ನೂ ಕೆಡಿಸುತ್ತವೆ.

ಕುದುರೆಯನ್ನು ಪೂರ್ತಿ ತೆಗೆಯುವುದೇ ಸರಿಯಾದ ಮಾರ್ಗ. ಮೊದಲು ಅದರ ಸ್ಥಾನವನ್ನು ಸುತ್ತಲೂ ಅಂಟುಪಟ್ಟಿಯಿಂದ ಗುರುತಿಸಬೇಕು. ಒಂದೆರಡು ಮಿಲಿಮೀಟರ್ ಸರಿದರೂ ಸ್ವರಸ್ಥಾನಗಳು ತಪ್ಪುತ್ತವೆ. ಕೆಲವು ವಾದ್ಯಗಳಲ್ಲಿ ಗುಪ್ತವಾದ ಬೋಲ್ಟುಗಳಿರುವುದರಿಂದ ಒಳಭಾಗವನ್ನು ಕನ್ನಡಿಯಿಂದ ನೋಡಿಕೊಳ್ಳುವುದೂ ಅವಶ್ಯ. ಬಳಿಕ ಸುತ್ತಲಿನ ಮೆರುಗನ್ನು ಅಲ್ಯೂಮಿನಿಯಂ ಹಾಳೆಯಿಂದ ಮರೆಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಕುದುರೆಯ ಮೇಲಿಟ್ಟು ಮೆಲ್ಲನೆ ಕಾಯಿಸುವುದು. ಅಂಟು ಸಡಿಲಿದಂತೆ ಬೆಚ್ಚಗಿನ, ಮೊಂಡಾದ, ತೆಳುವಾದ ಅಲಗನ್ನು ಸ್ವಲ್ಪಸ್ವಲ್ಪವಾಗಿ ತೂರಿಸಬೇಕು. ಇಲ್ಲಿ ಆತುರವೇ ಶತ್ರು. ಅಲಗು ನಾರಿನೊಳಗೆ ಇಳಿಯುವಂತೆ ತೋರಿದರೆ ತಡೆದು ಎದುರು ದಿಕ್ಕಿನಿಂದ ಪ್ರಯತ್ನಿಸುವುದು ಮೇಲು.

ತರುವಾಯ ಎರಡೂ ಮೈಗಳ ಹಳೆಯ ಅಂಟನ್ನೂ, ಕುದುರೆಯಡಿಯ ಮೆರುಗೆಣ್ಣೆಯನ್ನೂ ಹೆರೆದು ಮರವನ್ನು ಬರಿದಾಗಿಸಬೇಕು. ಕುದುರೆಗೆ ಹೆಚ್ಚಾಗಿ ಬಳಸುವ ಬೀಟೆ ನಮ್ಮ ಮಲೆನಾಡಿನದೇ ಮರ. ಅದರಲ್ಲಿ ಎಣ್ಣೆಯಂಶವಿರುವುದರಿಂದ ಅಂಟಿಸುವ ಮುನ್ನ ಮೈಯನ್ನು ಹೊಸದಾಗಿ ಹೆರೆಯುವುದು ಹಿತ. ಅಂಟಿಲ್ಲದೆಯೇ ಕೂರಿಸಿ ನೋಡಿದಾಗ ಸಂದಿನಲ್ಲಿ ಬೆಳಕು ಕಾಣಬಾರದು.

ಬಡಗಿಗಳ ಮರದಂಟನ್ನು ತೆಳುವಾಗಿ ಸವರಿ, ನಾದರಂಧ್ರದ ಮೂಲಕ ಹಿಡಿಕೆಗಳನ್ನಿಳಿಸಿ ಬಿಗಿಯಬೇಕು. ಒಳಗಡೆ ಒಂದು ಮರದ ತುಂಡನ್ನು ಆನಿಸದಿದ್ದರೆ ಹಲಗೆಯ ಅಡ್ಡಪಟ್ಟಿಗಳು ಮುರಿಯುವ ಭಯವಿದೆ. ಹೊರಸೂಸಿದ ಅಂಟನ್ನು ಒದ್ದೆಬಟ್ಟೆಯಿಂದ ಒರೆಸಿ, 24 ಗಂಟೆ ವಾದ್ಯವನ್ನು ಮುಟ್ಟದಿರುವುದು ಲೇಸು. ಅನಂತರ ತಂತಿಗಳನ್ನು ಒಮ್ಮೆಗೇ ಏರಿಸದೆ, ಒಂದೊಂದಾಗಿ, ಮೊದಲು ಅರ್ಧ ಬಿಗಿತಕ್ಕೆ, ಮತ್ತೆ ಪೂರ್ಣ ಶ್ರುತಿಗೆ ತರುವುದು. ಹಲಗೆಯೇ ಬಿರಿದಿದ್ದರೆ ಅಥವಾ ಒಳಗಿನ ಪಟ್ಟಿ ಸಡಿಲಗೊಂಡಿದ್ದರೆ ಮನೆಯಲ್ಲಿ ಕೈಹಾಕದೆ ನುರಿತ ಕುಶಲಿಗೆ ಒಪ್ಪಿಸುವುದೇ ಸರಿ.